ಹವಾ ಗಾದಿ, ಅಂಗೈ ಪಂಪು ಮತ್ತು ನಮ್ಮ ಮಕ್ಕಳ ಕಾಲು

ಯುಗಾದಿಯ ಶ್ರೀಶೈಲ ಪಾದಯಾತ್ರೆ ಮುಗಿಸಿ ನಾವು ದುಧನಿ ಸ್ಟೇಷನ್ನಿನಲ್ಲಿ ಇಳಿದು ಹದಿನೈದು ದಿನ ಆಗಿರಲಿಲ್ಲ. ಕಾಲಿನ ಗುಳ್ಳೆಗಳು ಒಣಗಿದ್ದವು, ಹೇಳುವ ಕಥೆಗಳು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಪುಣೆಯಿಂದ ಫೋನು ಬಂತು. ನಮ್ಮ ಶಾಲೆಯಲ್ಲೇ ಕಲಿತು ಈಗ ಅಲ್ಲಿ ನೌಕರಿ ಮಾಡುತ್ತಿರುವ ಹುಡುಗರು ನಾಲ್ಕೈದು ಜನ ಸೇರಿ ಮಾತಾಡಿಕೊಂಡಿದ್ದರಂತೆ.

"ಗುರುಗಳ, ನೀವು ಕಾಡಿನ್ಯಾಗ ಗಾದಿಗಿ ಹವಾ ತುಂಬಲಾಕ ಒದ್ದಾಡಿದ್ದು ಕೇಳೀವಿ. ಈ ಸಲ ಡಿಸೆಂಬರ್ ಸಹಲಿಗಿ ಸಾಲಿಗೆ ಇಪ್ಪತ್ತು ಹವಾ ಗಾದಿ, ಇಪ್ಪತ್ತು ಚಾರ್ಜಿನ ಪಂಪು ಕೊಡ್ತೀವ್ರಿ. ಅಂಗೈಯಾಗ ಹಿಡಿತಾವ, ಹಗುರ ಅದಾವ. ಬ್ಯಾಡ ಅನ್ನಬ್ಯಾಡ್ರಿ."

ಕಲಿತ ಶಾಲೆಯನ್ನು ನೆನಪಿಟ್ಟುಕೊಂಡು ಕೊಡುವವರಿಗೆ ಬೇಡ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಗಡಿಯಾಚೆಯ ಕನ್ನಡ ಶಾಲೆಗಳಿಗೆ ಹೀಗೆ ತಾವಾಗಿ ಕೇಳಿಕೊಂಡು ಬರುವವರು ಎಷ್ಟು ಜನ? ಆದರೂ ನಾವು ತಕ್ಷಣ 'ಹೂಂ' ಅನ್ನಲಿಲ್ಲ. "ಎಂಟು ದಿನ ಟೈಮು ಕೊಡ್ರಪ್ಪ" ಎಂದೆವು. ಆ ಎಂಟು ದಿನ ನಾವು ಮಾಡಿದ ಲೆಕ್ಕ, ಆಡಿದ ಜಗಳ, ಬಂದ ತೀರ್ಮಾನ ಇಲ್ಲಿ ಬರೆಯುತ್ತಿದ್ದೇವೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಶಾಲೆಗಳೂ ಸಹಲು ಹೊರಡುವ ಮುಂಚೆ ಇದನ್ನು ಓದಿದರೆ ಒಂದಿಷ್ಟು ಹಣ ಉಳಿದೀತು ಎಂಬ ಆಸೆ.

ಮೊದಲು ನಾವು ಮಲಗುವುದು ಎಲ್ಲಿ ಎಂಬುದನ್ನು ಹೇಳಬೇಕು. ಯಾಕೆಂದರೆ ಪಂಪು ಮಾರುವವರ ಚಿತ್ರಗಳಲ್ಲಿ ಹುಲ್ಲುಗಾವಲು ಇರುತ್ತದೆ, ಬಣ್ಣದ ಟೆಂಟು ಇರುತ್ತದೆ. ನಮ್ಮದು ಹಾಗಲ್ಲ. ಸಹಲಿಗೆ ರಾಯಗಡ, ಪ್ರತಾಪಗಡ ಅಂತ ಹೋದರೆ ಮಲಗುವುದು ಧರ್ಮಶಾಲೆಯಲ್ಲಿ, ಇಲ್ಲವೆ ಯಾವುದೋ ಶಾಲೆಯ ವರ್ಗಕೋಣೆಯಲ್ಲಿ. ಕೆಳಗೆ ಫರಸಿ. ಡಿಸೆಂಬರಿನ ರಾತ್ರಿ ಫರಸಿ ಮೈಯ ಬಿಸಿಯನ್ನು ಹೇಗೆ ಎಳೆದುಕೊಳ್ಳುತ್ತದೆ ಎಂಬುದು ಅದರ ಮೇಲೆ ಮಲಗಿದವರಿಗೇ ಗೊತ್ತು.

ಶ್ರೀಶೈಲದ ದಾರಿ ಇನ್ನೊಂದು ಬಗೆ. ನಮ್ಮ ಸೊಲ್ಲಾಪುರದ ಸಿದ್ಧರಾಮ ಬಾಲಕನಾಗಿದ್ದಾಗ ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋದ ಕಥೆ ಈ ಸೀಮೆಯ ಪ್ರತಿ ಮನೆಗೂ ಗೊತ್ತು. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬ ಸಲಿಗೆಯಿಂದ ಯುಗಾದಿಗೆ ಸೀರೆ ಕುಪ್ಪಸ ಹೊತ್ತು ನಡೆದು ಹೋಗುವ ಜನ ನಾವು. ನಂದ್ಯಾಲ ಜಿಲ್ಲೆಯ ಆತ್ಮಕೂರು ದಾಟಿ ವೆಂಕಟಾಪುರದ ಹತ್ತಿರ ನಲ್ಲಮಲ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೊನೆಗೆ ಕೈಲಾಸ ದ್ವಾರ. ಅದು ಹುಲಿಗಳಿರುವ ರಕ್ಷಿತ ಅರಣ್ಯ. ಆ ದಾರಿಯಲ್ಲಿ ಗಿಡದ ಕೆಳಗೆ, ಕಲ್ಲಿನ ಮೇಲೆ, ಸಿಕ್ಕಲ್ಲಿ ಮೈ ಚಾಚುವುದು. ಕರೆಂಟು ಎಂಬ ಮಾತೇ ಇಲ್ಲ.

ಹಿಂದೆ ನಾವು ಒಯ್ಯುತ್ತಿದ್ದದ್ದು ಕೌದಿ, ಸೊಲ್ಲಾಪುರ ಚಾದರು, ಒಂದು ತಾಡಪತ್ರಿ. ಈ ಸಲ ಕುತೂಹಲಕ್ಕೆ ಕಿರಾಣಿ ಅಂಗಡಿಯ ಕಾಟಾದ ಮೇಲೆ ಇಟ್ಟು ನೋಡಿದೆವು. ಅಮ್ಮ ಹೊಲಿದ ಕೌದಿ ಎರಡೂವರೆ ಕಿಲೋ. ಚಾದರು ಒಂದು ಕಿಲೋ ಚಿಲ್ಲರೆ. ಹವಾ ಗಾದಿ ಅರ್ಧ ಕಿಲೋ. ಅದರ ಪಂಪು ತೊಂಬತ್ತು ಗ್ರಾಂ, ಅಂದರೆ ಒಂದು ಪುಡಿಕೆ ಶೇಂಗಾ ಚಟ್ನಿಯಷ್ಟು. ಈ ಅಂಕಿ ನೋಡಿದರೆ ಯಾರಾದರೂ ಗಾದಿಯ ಕಡೆಗೇ ವಾಲುತ್ತಾರೆ. ನಾವೂ ವಾಲಿದ್ದೆವು.

ಹವಾ ಗಾದಿ ಶೋಕಿಯ ವಸ್ತು ಎಂದು ಮೂಗು ಮುರಿಯುವವರಲ್ಲಿ ನಾವಿಲ್ಲ. ಅದರ ಹುಟ್ಟೇ ಬೇರೆ ಕಥೆ ಹೇಳುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ವಿಮಾನ ಕಂಪನಿಯಿಂದ ಕೆಲಸ ಕಳೆದುಕೊಂಡ ಇಂಜಿನಿಯರರು, ಬೆಟ್ಟ ಹತ್ತುವ ಹವ್ಯಾಸದವರು, ಬೆನ್ನು ನೋಯದ ಹಾಗೆ ನೆಲದ ಮೇಲೆ ಮಲಗುವುದು ಹೇಗೆ ಎಂದು ತಲೆ ಕೆಡಿಸಿಕೊಂಡು ಫೋಮು ಮತ್ತು ಗಾಳಿ ಎರಡನ್ನೂ ಸೇರಿಸಿ 'ಥರ್ಮ್‌-ಎ-ರೆಸ್ಟ್' ಎಂಬ ಗಾದಿ ಮಾಡಿದರು. ಅದು ಬಿರಡೆ ತೆಗೆದರೆ ತಾನೇ ಗಾಳಿ ಎಳೆದುಕೊಂಡು ಉಬ್ಬುವಂಥದ್ದು. ಪಂಪೇ ಬೇಕಿರಲಿಲ್ಲ! ಆಮೇಲೆ ತೂಕ ಇಳಿಸುವ ಭರದಲ್ಲಿ ಒಳಗಿನ ಫೋಮು ಹೋಯಿತು, ಬರೀ ಗಾಳಿಯೇ ಉಳಿಯಿತು. ಬರೀ ಗಾಳಿ ಉಳಿದಾಗ ಅದನ್ನು ತುಂಬಲು ಪಂಪು ಬೇಕಾಯಿತು. ಪಂಪಿಗೆ ಬ್ಯಾಟರಿ ಬೇಕಾಯಿತು. ಬ್ಯಾಟರಿಗೆ ಚಾರ್ಜರು, ಚಾರ್ಜರಿಗೆ ಪವರ್ ಬ್ಯಾಂಕು... ಹಗುರ ಮಾಡಲು ಹೋದದ್ದು ಹೀಗೆ ಒಂದೊಂದಾಗಿ ಭಾರವಾಗುತ್ತ ಬರುತ್ತದೆ.

ಈಗ ನಾಗಲೂಟಿಯ ರಾತ್ರಿಗೆ ಬರೋಣ.

ನಮ್ಮ ಗುಂಪಿನಲ್ಲಿ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ಇದ್ದಾರೆ. ವಯಸ್ಸು ಅರವತ್ತು ದಾಟಿದೆ. ಸೊಂಟದ ನೋವು ಹಳೆಯದು. ಕಳೆದ ವರ್ಷ ಅವರು "ನನ್ನಿಂದ ಇನ್ನ ಆಗಂಗಿಲ್ಲಪಾ, ನಡಿಯೋದು ಆಗ್ತದ, ನೆಲಕ್ಕ ಮಲಗೋದು ಆಗಂಗಿಲ್ಲ" ಎಂದು ಯಾತ್ರೆಯನ್ನೇ ಬಿಟ್ಟಿದ್ದರು. ಈ ವರ್ಷ ಮಗ ಹವಾ ಗಾದಿ ಮತ್ತು ಪಂಪು ತರಿಸಿ ಕೊಟ್ಟ ಮೇಲೆ ಮತ್ತೆ ಹೊರಟರು. ಅವರ ಮುಖ ನೋಡಿದ್ದರೆ ಹವಾ ಗಾದಿಯ ಬೆಲೆ ಏನು ಎಂಬುದು ನಿಮಗೂ ತಿಳಿಯುತ್ತಿತ್ತು. ದಾರಿಯುದ್ದಕ್ಕೂ ಊರುಗಳಿದ್ದಾಗ ಎಲ್ಲ ಚೆನ್ನಾಗಿಯೇ ನಡೆಯಿತು. ಗುಡಿಯಲ್ಲೋ ಶಾಲೆಯಲ್ಲೋ ಪಂಪು ಚಾರ್ಜಿಗೆ ಹಾಕುವುದು, ರಾತ್ರಿ ಗುಂಡಿ ಒತ್ತುವುದು, ಭರ್ರ್ ಎಂದು ಒಂದು ನಿಮಿಷದೊಳಗೆ ಗಾದಿ ಉಬ್ಬುವುದು.

ಕಾಡು ಹೊಕ್ಕ ದಿನ ಚೀಲದೊಳಗೆ ಏನೋ ತಾಗಿ ಪಂಪಿನ ಗುಂಡಿ ತಾನೇ ಒತ್ತಿಕೊಂಡಿದೆ. ಬಟ್ಟೆಯ ನಡುವೆ ಯಾರಿಗೂ ಕೇಳಿಸದಂತೆ ಓಡಿ ಓಡಿ ಬ್ಯಾಟರಿ ಖಾಲಿಯಾಗಿದೆ. ರಾತ್ರಿ ತೆಗೆದು ನೋಡಿದರೆ ಉಸಿರಿಲ್ಲ. ಪವರ್ ಬ್ಯಾಂಕಿನಲ್ಲಿ ಉಳಿದದ್ದನ್ನು ಹಗಲೇ ಎಲ್ಲರ ಮೊಬೈಲು ಕುಡಿದು ಮುಗಿಸಿದ್ದವು. ಗುರುಗಳು ಯಾರಿಗೂ ಹೇಳದೆ ಮೂಲೆಯಲ್ಲಿ ಕೂತು ಬಾಯಿಂದ ಊದಲು ಶುರು ಮಾಡಿದ್ದಾರೆ. ದಿನವಿಡೀ ಬಿಸಿಲಲ್ಲಿ ನಡೆದ ಜೀವ. ಹದಿನೈದು ಇಪ್ಪತ್ತು ಸಲ ಊದುವಷ್ಟರಲ್ಲಿ ತಲೆ ತಿರುಗಿ ಗೋಣು ಕೆಳಗೆ ಹಾಕಿದರು. ನಮಗೆ ಎದೆ ಧಸಕ್ ಎಂದಿತು. ನೀರು ಕುಡಿಸಿ, ಗಾಳಿ ಬೀಸಿ, ಉಳಿದದ್ದನ್ನು ನಾವು ಸರದಿಯಲ್ಲಿ ಊದಿ ಅವರನ್ನು ಮಲಗಿಸಿದೆವು. ಪಕ್ಕದಲ್ಲೇ ಅಫಜಲಪುರ ಕಡೆಯ ರೈತರೊಬ್ಬರು ಗೊಬ್ಬರದ ಚೀಲಗಳನ್ನು ಸೇರಿಸಿ ಹೊಲಿದ ತಟ್ಟು ಹಾಸಿಕೊಂಡು, "ನಮ್ಮ ಗಾದಿಗಿ ಚಾರ್ಜು ಬೇಕಿಲ್ಲ ನೋಡ್ರಿ ಮಾಸ್ತರ" ಎಂದು ನಕ್ಕರು. ನಾವೂ ನಕ್ಕೆವು. ಆದರೆ ಆ ರಾತ್ರಿ ನಮಗ್ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಗಿನ ಜಾವ ಇನ್ನೊಂದು ಗಾಬರಿ. ರಾತ್ರಿ ಬಿಗಿಯಾಗಿದ್ದ ಗಾದಿ ಮೆತ್ತಗಾಗಿದೆ! 'ತೂತು ಬಿದ್ದದ' ಎಂದು ಒಬ್ಬರು, 'ಬಿರಡಿ ಸಡಿಲ ಅದ' ಎಂದು ಇನ್ನೊಬ್ಬರು.

ಊರಿಗೆ ಬಂದ ಮೇಲೆ ಈ ಎರಡೂ ಪ್ರಶ್ನೆಗಳನ್ನು ನಮ್ಮ ವಿಜ್ಞಾನದ ಅಕ್ಕೋರು ಇಯತ್ತೆ ಎಂಟನೇ ವರ್ಗಕ್ಕೆ ಒಯ್ದರು. ಗಾದಿ ಮೇಜಿನ ಮೇಲೆ, ಅಳತೆಪಟ್ಟಿ ಮಕ್ಕಳ ಕೈಯಲ್ಲಿ. ಉದ್ದ 180 ಸೆಂ.ಮೀ., ಅಗಲ 50, ದಪ್ಪ 6. ಗುಣಿಸಿದರೆ 54,000 ಘನ ಸೆಂ.ಮೀ., ಅಂದರೆ 54 ಲೀಟರು. ಗಾದಿ ಪೆಟ್ಟಿಗೆಯಂತೆ ಚೌಕಾಗಿರದೆ ಕೊಳವೆ ಕೊಳವೆಯಾಗಿ ಉಬ್ಬುವುದರಿಂದ 45 ಲೀಟರು ಹಿಡಿಯೋಣ ಎಂದು ತೀರ್ಮಾನವಾಯಿತು. ಜೋರಾಗಿ ಊದಿದರೆ ಒಂದು ಉಸಿರಿಗೆ ಎರಡು ಲೀಟರು ಗಾಳಿ. ಹಾಗಾದರೆ ಇಪ್ಪತ್ತೆರಡು ಇಪ್ಪತ್ತಮೂರು ದೀರ್ಘ ಉಸಿರು. ದಣಿದವರಿಗೆ ಮೂವತ್ತು. ಅಷ್ಟು ದೀರ್ಘ ಉಸಿರನ್ನು ಬೇಗ ಬೇಗ ಬಿಟ್ಟರೆ ತಲೆ ತಿರುಗದೆ ಇನ್ನೇನಾದೀತು?

ಒಬ್ಬ ಹುಡುಗ ಎದ್ದು, "ಸೈಕಲ್ ಪಂಪಿಲೆ ಹೊಡದ್ರ ಆಗಂಗಿಲ್ಲೇನ್ರೀ?" ಎಂದ. ಒಳ್ಳೆಯ ಪ್ರಶ್ನೆ. ಸೈಕಲ್ ಪಂಪಿನ ಕೊಳವೆ ಅಳೆದರು. ಒಳಗಿನ ಅಗಲ 3 ಸೆಂ.ಮೀ., ದಂಡ ಚಲಿಸುವ ಉದ್ದ 45 ಸೆಂ.ಮೀ. ಒಂದು ಸಲ ಒತ್ತಿದರೆ ಹೋಗುವುದು 300 ಮಿಲಿಲೀಟರಿಗಿಂತ ಚೂರು ಹೆಚ್ಚು. ಗಾದಿ ತುಂಬಲು ಸುಮಾರು ನೂರೈವತ್ತು ಸಲ ಒತ್ತಬೇಕು! ಸೈಕಲ್ ಟೈರಿಗೆ ಬೇಕಾದದ್ದು ಕಡಿಮೆ ಗಾಳಿ, ಹೆಚ್ಚು ಒತ್ತಡ. ಗಾದಿಗೆ ಬೇಕಾದದ್ದು ಹೆಚ್ಚು ಗಾಳಿ, ಕಡಿಮೆ ಒತ್ತಡ. ಎರಡೂ ಬೇರೆ ಕೆಲಸ.

ಎಷ್ಟು ಕಡಿಮೆ ಒತ್ತಡ? ಅದನ್ನೂ ಮಕ್ಕಳೇ ತೆಗೆದರು. 60 ಕಿಲೋ ತೂಕದವರು ಮಲಗಿದಾಗ ಗಾದಿಗೆ ತಾಗುವ ಮೈ ಒಂದು ಚದರ ಮೀಟರಿನ ಮೂರನೇ ಒಂದು ಪಾಲು ಎಂದುಕೊಂಡರೆ, ಒತ್ತಡ ಎರಡು ಕಿಲೋಪಾಸ್ಕಲಿಗಿಂತ ಕಡಿಮೆ. ಅಂದರೆ 20 ಸೆಂ.ಮೀ. ನೀರು ತುಂಬಿದ ಕೊಡದ ತಳದಲ್ಲಿ ಇರುವಷ್ಟು. ಸೈಕಲ್ ಟೈರಿನಲ್ಲಿ ಇದರ ನೂರು ಪಟ್ಟಿಗಿಂತ ಹೆಚ್ಚು ಇರುತ್ತದೆ. ಈಗ ಮಾರಾಟದಲ್ಲಿರುವ ಅಂಗೈ ಪಂಪುಗಳ ಮೇಲೆ ಸಾಮಾನ್ಯವಾಗಿ ಮೂರೋ ನಾಲ್ಕೋ ಕಿಲೋಪಾಸ್ಕಲ್ ಎಂದು ಬರೆದಿರುತ್ತದೆ. ಇಷ್ಟು ಕಡಿಮೆಯೇ ಎಂದು ಅನುಮಾನ ಬೇಡ, ಮಲಗುವುದಕ್ಕೆ ಅದು ಸಾಕು. ಇನ್ನೂ ಬಿಗಿ ಬೇಕೆನ್ನುವವರು ಕೊನೆಗೆ ಎರಡು ಉಸಿರು ಬಾಯಿಂದ ಸೇರಿಸಬಹುದು. ಆದರೆ ತೀರ ಬಿಗಿಯಾದ ಗಾದಿ ಹಲಗೆಯಂತೆಯೇ. ಒಂದು ಮಗ್ಗುಲಾಗಿ ಮಲಗಿದಾಗ ಸೊಂಟದ ಎಲುಬು ನೆಲಕ್ಕೆ ತಾಗದಷ್ಟು ಗಾಳಿ ಇದ್ದರೆ ಸರಿಯಾದ ಹದ.

ಇನ್ನು ಬೆಳಗಿನ ಜಾವ ಮೆತ್ತಗಾದ ಗಾದಿ. ಸಂಜೆ 36 ಡಿಗ್ರಿ ಸೆಖೆಯಲ್ಲಿ ತುಂಬಿದ ಗಾಳಿ ಬೆಳಗಿಗೆ 22 ಡಿಗ್ರಿಗೆ ಇಳಿದರೆ ಕುಗ್ಗುತ್ತದೆ. ಶೂನ್ಯದಿಂದಲ್ಲ, 273 ಸೇರಿಸಿ ಲೆಕ್ಕ ಹಾಕಬೇಕು, ಇದು ಚಾರ್ಲ್ಸನ ನಿಯಮ. 309ರಿಂದ 295ಕ್ಕೆ ಇಳಿದರೆ ನೂರಕ್ಕೆ ನಾಲ್ಕೂವರೆ ಪಾಲು ಕಡಿಮೆ. 45 ಲೀಟರಿನಲ್ಲಿ ಎರಡು ಲೀಟರು. ಕೊನೆಯ ಬೆಂಚಿನ ಹುಡುಗಿ ಕೂತಲ್ಲಿಂದಲೇ ಹೇಳಿದಳು, "ಅಂದ್ರ ಒಂದ ಉಸುರು ಕಡಿಮಿ ಆಗ್ಯಾದರಿ ಅಕ್ಕೋರ. ತೂತು ಬಿದ್ದಿಲ್ಲ." ಕಾಡಿನಲ್ಲಿ ಹತ್ತು ಜನ ಶಿಕ್ಷಕರು ಕೂಡಿ ಕಂಡುಹಿಡಿಯದ್ದನ್ನು ಅವಳು ಕನ್ನಡದಲ್ಲೇ ಕಲಿತು ಕನ್ನಡದಲ್ಲೇ ಹೇಳಿದಳು. ಇದೇ ನಿಯಮದ ಇನ್ನೊಂದು ಮುಖವೂ ಇದೆ. ಬಿಗಿಯಾಗಿ ತುಂಬಿದ ಗಾದಿಯನ್ನು ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಗಾಳಿ ಹಿಗ್ಗಿ ಒಳಗಿನ ಅಂಟು ಬಿಟ್ಟೀತು. ಎದ್ದ ಕೂಡಲೇ ಬಿರಡೆ ತೆಗೆಯುವುದು ಒಳ್ಳೆಯದು.

ಇಷ್ಟು ತಿಳಿದ ಮೇಲೆ ಪಂಪು ಆರಿಸುವುದು ಕಷ್ಟವಲ್ಲ. ನಾವು ಕಂಡುಕೊಂಡದ್ದು ಹೀಗಿದೆ.

ಮೊದಲು ನೋಡಬೇಕಾದದ್ದು ತೂಕವಲ್ಲ, ಬಾಯಿ. ಗಾದಿಯ ಕವಾಟದ ಬಾಯಿಗೂ ಪಂಪಿನ ಮೂತಿಗೂ ಹೊಂದಿಕೆ ಇದೆಯೇ ಎಂಬುದು. ಸೈಕಲಿಗಾದರೆ ಇಡೀ ಊರಿಗೆ ಒಂದೆರಡು ಬಗೆಯ ವಾಲ್ವು. ಗಾದಿಗಳಲ್ಲಿ ಕಂಪನಿಗೊಂದು ಬಗೆ. ಪಂಪಿನ ಜತೆ ನಾಲ್ಕಾರು ಮೂತಿಗಳನ್ನು ಕೊಡುತ್ತಾರೆ, ಆದರೂ ನಿಮ್ಮ ಗಾದಿಗೆ ಕೂರುವುದು ಆ ನಾಲ್ಕರಲ್ಲಿ ಇಲ್ಲದಿರಬಹುದು. ಸಾಧ್ಯವಾದರೆ ಗಾದಿಯನ್ನು ಅಂಗಡಿಗೇ ಒಯ್ದು ಕೂರಿಸಿ ನೋಡಬೇಕು. ಮನೆಗೆ ತರಿಸಿದ್ದಾದರೆ ಹೊರಡುವ ಒಂದು ವಾರ ಮೊದಲೇ ತುಂಬಿ, ರಾತ್ರಿ ಅದರ ಮೇಲೆ ಮಲಗಿ ಪರೀಕ್ಷೆ ಮಾಡಬೇಕು. ಆ ಚಿಕ್ಕ ಮೂತಿ ಕಳೆದರೆ ಪಂಪು ಆಟಿಗೆ ಆದಂತೆ. ಅದನ್ನು ದಾರದಲ್ಲಿ ಕಟ್ಟಿ ಇಡಿ.

ಎರಡನೆಯದು ಬ್ಯಾಟರಿ. ಒಳಗೇ ಕೂತಿರುವ, ಮೊಬೈಲ್ ಚಾರ್ಜರಿನಿಂದ ತುಂಬುವ ಬ್ಯಾಟರಿ ಇದ್ದರೆ ಊರೂರು ದಾಟುವ ದಾರಿಗೆ ಅನುಕೂಲ. ಇನ್ನೂ ಹಗುರವಾದ ಕೆಲವಕ್ಕೆ ಕ್ಯಾಮೆರಾದ ಸಿಆರ್123ಎ ಸೆಲ್ಲು ಬೇಕು. ಅದು ದುಧನಿಯಲ್ಲಿ ಬೇಡ, ದಾರಿಯ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಯಾವುದೇ ಆಗಲಿ, ಗುಂಡಿ ತಾನಾಗಿ ಒತ್ತಿಕೊಳ್ಳದಂತೆ ಬೀಗ ಇದೆಯೇ ನೋಡಿ. ಎರಡು ಸಲ ಒತ್ತಿದರೆ ಅಥವಾ ಹಿಡಿದೇ ಒತ್ತಿದರೆ ಮಾತ್ರ ಶುರುವಾಗುವಂಥದ್ದು ಒಳ್ಳೆಯದು. ಇಲ್ಲದಿದ್ದರೆ ಒಂದು ಗಟ್ಟಿ ಡಬ್ಬಿಯಲ್ಲಿ ಇಟ್ಟು ಒಯ್ಯಿರಿ. ನಮ್ಮ ಪಾಠ ನಾಗಲೂಟಿಯಲ್ಲಿ ಆಯಿತು, ನಿಮ್ಮದು ಮನೆಯಲ್ಲೇ ಆಗಲಿ.

ಮೂರನೆಯದು ಸದ್ದು. ಯಾತ್ರೆಯಲ್ಲಿ ಜನ ರಾತ್ರಿ ಎಂಟಕ್ಕೆ ಮಲಗಿ ಮೂರಕ್ಕೆ ಏಳುತ್ತಾರೆ. ಒಂಬತ್ತು ಗಂಟೆಗೆ ಧರ್ಮಶಾಲೆಯ ಮೂಲೆಯಲ್ಲಿ ಪಂಪು ಭರ್ರ್ ಎಂದರೆ ಮಲಗಿದ ಐವತ್ತು ಜನರ ಶಾಪ ನಿಮ್ಮ ಗಾದಿಗೆ. ಕಾಡಿನಲ್ಲಂತೂ ಆ ಸದ್ದು ಬೇಡವೇ ಬೇಡ. ಬೆಳಕಿರುವಾಗಲೇ ತುಂಬಿಕೊಂಡರೆ ಎಲ್ಲರಿಗೂ ಕ್ಷೇಮ.

ನಾಲ್ಕನೆಯದೇ ಮುಖ್ಯ. ಬ್ಯಾಟರಿ ಇಲ್ಲದ ಒಂದು ಪಂಪು ಇದೆ, ಅದನ್ನು ನಮ್ಮಲ್ಲಿ ಹೆಚ್ಚು ಜನ ಕಂಡಿಲ್ಲ. ಅದು ಬರೀ ಒಂದು ಚೀಲ. ತೆಳ್ಳನೆಯ ಗಾಳಿಯಾಡದ ಬಟ್ಟೆಯ ಉದ್ದ ಚೀಲ, ಒಂದು ತುದಿ ಅಗಲವಾಗಿ ತೆರೆದಿರುತ್ತದೆ, ಇನ್ನೊಂದು ತುದಿಯಲ್ಲಿ ಗಾದಿಗೆ ಸಿಕ್ಕಿಸುವ ಮೂತಿ. ತೂಕ ಐವತ್ತರಿಂದ ಎಂಬತ್ತು ಗ್ರಾಂ. ಚೀಲದ ಬಾಯಿಯನ್ನು ಅಗಲಿಸಿ ಹಿಡಿದು, ಒಂದು ಗೇಣು ದೂರದಿಂದ ಒಂದೇ ಉಸಿರು ಊದಿದರೆ ಇಡೀ ಚೀಲ ಉಬ್ಬಿಬಿಡುತ್ತದೆ! ಕಾರಣ ಇಷ್ಟೇ: ವೇಗವಾಗಿ ಹೋಗುವ ಗಾಳಿ ಸುತ್ತಲಿನ ನಿಂತ ಗಾಳಿಯನ್ನೂ ತನ್ನ ಜತೆ ಎಳೆದೊಯ್ಯುತ್ತದೆ. ತುಟಿ ಹಚ್ಚಿ ಊದಿದರೆ ನಿಮ್ಮ ಎರಡು ಲೀಟರು ಮಾತ್ರ, ದೂರದಿಂದ ಊದಿದರೆ ಅದರ ಹತ್ತಾರು ಪಟ್ಟು. ಚೀಲದ ಬಾಯಿ ಸುತ್ತಿ ಒತ್ತಿದರೆ ಗಾಳಿ ಗಾದಿಗೆ ಹೋಗುತ್ತದೆ. ಎರಡು ಮೂರು ಸಲಕ್ಕೆ ಗಾದಿ ತಯಾರು. ಸ್ವಿಟ್ಜರ್ಲೆಂಡಿನ ಎಕ್ಸ್‌ಪೆಡ್ ಕಂಪನಿ ಇಂಥದ್ದನ್ನು 'ಶ್ನೋಝೆಲ್' ಎಂಬ ಹೆಸರಲ್ಲಿ ಮಾರುತ್ತದೆ. ಕೆಲವು ಗಾದಿಗಳ ಜತೆಗೇ ಇಂಥ ಚೀಲ ಬರುತ್ತದೆ. ಹಗಲು ಅದರಲ್ಲಿ ಬಟ್ಟೆ ತುಂಬಿಟ್ಟರೆ ಮಳೆಗೆ ನೆನೆಯುವುದಿಲ್ಲ. ಚಾರ್ಜು ಬೇಡ, ಸದ್ದಿಲ್ಲ, ಕೆಡುವ ಭಾಗವೂ ಇಲ್ಲ. ಬಾಯಿಯ ತೇವ ಗಾದಿಯೊಳಗೆ ಸೇರಿ ಬೂಷ್ಟು ಹಿಡಿಯುವ ಭಯವೂ ಕಡಿಮೆ. ವರ್ಗದಲ್ಲಿ ಉದ್ದನೆಯ ಪ್ಲಾಸ್ಟಿಕ್ ಚೀಲದಿಂದ ಇದನ್ನು ಮಾಡಿ ತೋರಿಸಿ, ಮಕ್ಕಳು ಅರ್ಧ ಗಂಟೆ ನಿಮ್ಮನ್ನು ಬಿಡುವುದಿಲ್ಲ.

ಹಾಗಾದರೆ ಚಾರ್ಜಿನ ಪಂಪು ಬೇಡವೇ ಬೇಡವೇ? ಹಾಗೂ ಅಲ್ಲ. ದಮ್ಮಿನ ತೊಂದರೆ ಇರುವವರಿಗೆ, ಮೊಣಕಾಲು ಮಡಚಿ ಕೂತು ಚೀಲ ಒತ್ತಲು ಆಗದವರಿಗೆ ಅದು ನಿಜವಾದ ಉಪಕಾರ. ಕೆಲವು ಪಂಪುಗಳು ಗಾಳಿಯನ್ನು ಹೊರಗೂ ಎಳೆಯುತ್ತವೆ, ಬೆಳಿಗ್ಗೆ ಗಾದಿ ಮಡಚುವ ಕಷ್ಟ ತಪ್ಪುತ್ತದೆ. ಆದರೆ ಒಂದು ಗುಂಪಿಗೆ ಒಂದು ಪಂಪು ಸಾಕು. ಒಬ್ಬರ ಗಾದಿ ತುಂಬಲು ಒಂದು ನಿಮಿಷ, ಹತ್ತು ಜನರಿಗೆ ಹತ್ತು ನಿಮಿಷ. ಹತ್ತು ಜನ ಹತ್ತು ಪಂಪು ಹೊತ್ತು ನಡೆಯುವುದು ಯಾವ ಜಾಣತನ? ಒಂದು ಪಂಪು, ಅದು ಕೈಕೊಟ್ಟ ರಾತ್ರಿಗೆ ಎರಡು ಚೀಲ. ಇದು ನಮ್ಮ ಮುಂದಿನ ಯಾತ್ರೆಯ ಲೆಕ್ಕ. ನಿವೃತ್ತ ಗುರುಗಳೂ ಒಪ್ಪಿದ್ದಾರೆ, ಮುಂದಿನ ಯುಗಾದಿಗೂ ಬರುತ್ತೇನೆ ಎಂದಿದ್ದಾರೆ.

ಈಗ ಮಕ್ಕಳ ವಿಷಯ. ಇಲ್ಲೇ ನಮ್ಮ ಶಿಕ್ಷಕರ ಕೋಣೆಯಲ್ಲಿ ಜಗಳ ಆದದ್ದು.

ನಮ್ಮ ಅಭಿಪ್ರಾಯ: ಇಯತ್ತೆ ಎಂಟು, ಒಂಬತ್ತರ ಮಕ್ಕಳಿಗೆ ಹವಾ ಗಾದಿಯೂ ಬೇಡ, ಪಂಪೂ ಬೇಡ. ಮಡಚುವ ಇಲ್ಲವೆ ಸುತ್ತುವ ಫೋಮ್ ಚಾಪೆ ಸಾಕು. ಒಂದು ಸೆಂ.ಮೀ. ದಪ್ಪದ್ದು, ಮುನ್ನೂರು ಗ್ರಾಂ ಆಸುಪಾಸು. ಫರಸಿಯ ಥಂಡಿ ಮೈಗೆ ಏರಲು ಬಿಡುವುದಿಲ್ಲ. ಜಾಲಿ ಮುಳ್ಳು ಚುಚ್ಚಿದರೂ ಅದಕ್ಕೇನೂ ಆಗುವುದಿಲ್ಲ. ಹವಾ ಗಾದಿಗೆ ಒಂದೇ ಒಂದು ಮುಳ್ಳು ತಾಗಿದರೆ ಮುಗಿಯಿತು, ಆಮೇಲೆ ಎಂಥ ಪಂಪು ಇದ್ದರೇನು? ಸೈಕಲ್ ಅಂಗಡಿಯವರಂತೆ ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕಿ ತೇಪೆ ಹಚ್ಚಬೇಕು, ರಾತ್ರಿ ಹತ್ತು ಗಂಟೆಗೆ ಕೋಟೆಯ ಮೇಲೆ ಅದು ಆಗುವ ಮಾತಲ್ಲ. ಹದಿಮೂರು ವರ್ಷದ ಮಕ್ಕಳ ಕೈಗೆ ಇಪ್ಪತ್ತು ಹವಾ ಗಾದಿ ಕೊಟ್ಟರೆ ಮೊದಲ ರಾತ್ರಿಯೇ ಅವುಗಳ ಮೇಲೆ ಕುಸ್ತಿ ನಡೆಯುತ್ತದೆ ಎಂಬುದನ್ನು ಶಿಕ್ಷಕರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನು ಇಪ್ಪತ್ತು ಪಂಪಿನ ಬ್ಯಾಟರಿಗಳು. ವರ್ಷಕ್ಕೆ ಮೂರು ರಾತ್ರಿ ಬಳಸಿ ಉಳಿದ ದಿನ ಕಪಾಟಿನಲ್ಲಿ ಇಟ್ಟರೆ ಅವು ತಾವಾಗಿ ಕೆಡುತ್ತವೆ. ನಮ್ಮ ಶಾಲೆಗಳ ಕಪಾಟುಗಳಲ್ಲಿ ಹೀಗೆ ಬಂದು ಹೀಗೆ ಸತ್ತ ವಸ್ತುಗಳು ಈಗಾಗಲೇ ಎಷ್ಟಿಲ್ಲ?

ಇದಕ್ಕೆ ಕಿರಿಯ ಸಹೋದ್ಯೋಗಿಯೊಬ್ಬರು ಕೊಟ್ಟ ಉತ್ತರ ನಮ್ಮನ್ನು ಎರಡು ದಿನ ಸುಮ್ಮನಿರಿಸಿತು. "ಸರ್, ಇಂಗ್ಲಿಷ್ ಸಾಲಿ ಹುಡುಗುರು ಬಂದ್ರ ಹೊಸಾ ಸಾಮಾನು ತರ್ತಾರ. ನಮ್ಮ ಕನ್ನಡ ಸಾಲಿ ಹುಡುಗುರಿಗಿ ಯಾವಾಗಲೂ ಅಗ್ಗದ್ದೇ ಸಾಕು ಅನ್ನೋದು ಯಾಕ? ಕೊಡವ್ರು ಕೊಡಾಕತ್ಯಾರ, ನಾವ್ಯಾಕ ಅಡ್ಡ ಬರಬೇಕು?"

ಈ ಮಾತಿನಲ್ಲಿ ನೋವಿದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿಸಿದವರಿಗೆ ಆ ನೋವು ಹೊಸದಲ್ಲ. ನಮ್ಮ ಮಕ್ಕಳು ಬೇರೆ ಮಕ್ಕಳ ಮುಂದೆ ತಲೆ ತಗ್ಗಿಸಬಾರದು ಎಂಬುದು ನಮ್ಮದೂ ಆಸೆ. ಆದರೆ ಕಳೆದ ಸಹಲಿನಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ರಾತ್ರಿ ಮಲಗುವಾಗ ನಮ್ಮ ಮಕ್ಕಳಲ್ಲಿ ಯಾರೂ ಅಳಲಿಲ್ಲ. ಕೌದಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದರು. ಅತ್ತದ್ದು ಹಗಲು, ಮೆಟ್ಟಿಲು ಹತ್ತುವಾಗ. ಮೂವತ್ತು ಮಕ್ಕಳಲ್ಲಿ ಹನ್ನೊಂದು ಮಕ್ಕಳ ಕಾಲಲ್ಲಿ ಇದ್ದದ್ದು ಬರೀ ಚಪ್ಪಲಿ. ಒಬ್ಬಳ ಚಪ್ಪಲಿಯ ಉಂಗುಟ ಅರ್ಧ ದಾರಿಯಲ್ಲಿ ಕಿತ್ತು ಹೋಯಿತು. ಪಿನ್ನು ಚುಚ್ಚಿ ಹಾಗೇ ನಡೆದಳು, ಸಂಜೆ ನೋಡಿದರೆ ಬೆರಳ ಸಂದಿಯಲ್ಲಿ ರಕ್ತ. ಹೇಳಿಯೇ ಇರಲಿಲ್ಲ. ಹೇಳಿದರೆ ಮುಂದಿನ ಸಲ ಕರೆದುಕೊಂಡು ಬರುವುದಿಲ್ಲ ಎಂಬ ಹೆದರಿಕೆ ಅವಳಿಗೆ.

ಅದಕ್ಕೇ ನಾವು ಹೇಳುವುದು, ಇದು ಅಗ್ಗದ್ದು ದುಬಾರಿಯದ್ದು ಎಂಬ ಪ್ರಶ್ನೆ ಅಲ್ಲ. ಒಂದು ಚಾರ್ಜಿನ ಪಂಪಿನ ಬೆಲೆಯಲ್ಲಿ ಮೂರು ನಾಲ್ಕು ಫೋಮ್ ಚಾಪೆ ಬರುತ್ತವೆ. ಒಂದು ಗಾದಿಯ ಬೆಲೆಯಲ್ಲಿ ಮಕ್ಕಳ ಒಳ್ಳೆಯ ಬೂಟು ಬರುತ್ತವೆ. ಅಷ್ಟೇ ಹಣ, ಅದೇ ಗೌರವ. ಆ ಹಣ ಮಗುವಿಗೆ ನೋಯುವ ಜಾಗಕ್ಕೆ ಹೋಗಬೇಕು, ಫೋಟೋ ಚೆಂದ ಬರುವ ಜಾಗಕ್ಕಲ್ಲ. ಕಿರಿಯ ಸಹೋದ್ಯೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೂಟು ಮಾತ್ರ ಅಗ್ಗದ್ದು ಬ್ಯಾಡ ಸರ್" ಎಂದರು. ಒಪ್ಪಿದೆವು.

ಎಂಟನೇ ದಿನ ಪುಣೆಗೆ ಫೋನು ಹಚ್ಚಿ ನಮ್ಮ ಪಟ್ಟಿ ಓದಿದೆವು. ಮೂವತ್ತು ಫೋಮ್ ಚಾಪೆ. ಹವಾ ಗಾದಿ ನಾಲ್ಕೇ ನಾಲ್ಕು, ಜ್ವರ ಬಂದ ಮಗುವಿಗೋ, ಬೆನ್ನು ನೋವಿನ ಶಿಕ್ಷಕರಿಗೋ, ಜತೆಗೆ ಬರುವ ವಯಸ್ಸಾದ ಪಾಲಕರಿಗೋ ಆಗಲಿ ಎಂದು. ನಾಲ್ಕಕ್ಕೂ ಒಂದೇ ಬಗೆಯ ಕವಾಟ ಇರಬೇಕು. ಗುಂಡಿಗೆ ಬೀಗವಿರುವ ಚಾರ್ಜಿನ ಪಂಪು ಒಂದು. ಗಾಳಿ ಚೀಲ ಎರಡು. ತೇಪೆ ಹಚ್ಚುವ ಸಾಮಾನು ಒಂದು ಡಬ್ಬಿ. ಉಳಿದ ಹಣವೆಲ್ಲ ಬೂಟಿಗೆ, ಕಾಲಿನ ಅಳತೆ ನಾವು ತೆಗೆದು ಕಳಿಸುತ್ತೇವೆ ಎಂದೆವು.

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬೇಸರ ಮಾಡಿಕೊಂಡರೇನೋ ಎಂದು ಅಳುಕಾಯಿತು. ಆಮೇಲೆ ಒಬ್ಬ ಹುಡುಗ ಹೇಳಿದ, "ಗುರುಗಳ, ಏಳನೇತ್ತಿ ಸಹಲಿನ್ಯಾಗ ನಾನೂ ಚಪ್ಪಲಿ ಕೈಯಾಗ ಹಿಡಕೊಂಡೇ ನಡದಿದ್ದೆ. ನಿಮಗ ಗೊತ್ತಿರಲಿಲ್ಲ." ನಿಜ, ನಮಗೆ ಗೊತ್ತಿರಲಿಲ್ಲ. ಅವನ ಕಾಲು ಅಂದು ನೋಡಬೇಕಿತ್ತು ನಾವು, ನೋಡಲಿಲ್ಲ.

ಶಿಕ್ಷಕ ಬಂಧುಗಳೇ, ಪಾಲಕರೇ, ಈ ಸಲ ಸಹಲಿನ ಸಾಮಾನು ಕೊಳ್ಳುವ ಮೊದಲು ಒಂದು ಸಂಜೆ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಅವರ ಕಾಲು ನೋಡಿ. ಹವಾ ಪಂಪಿನ ಮಾತು ಅದಾದ ಮೇಲೆ. ನಿಮ್ಮ ಶಾಲೆಯಲ್ಲಿ ಬೇರೆ ಅನುಭವ ಆಗಿದ್ದರೆ, ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತಪ್ಪದೆ ತಿಳಿಸಿ. ತಿದ್ದಿಕೊಳ್ಳಲು ನಮಗೆ ಸಂಕೋಚವಿಲ್ಲ.